ಓಡಿಸದೆಯೇ ತಪ್ಪು ಹಿಡಿಯುವ ಸ್ಲ್ಯಾಮ್

ಇಪ್ಪತ್ತೈದು ವರ್ಷಗಳ ಹಿಂದೆ ವಿಂಡೋಸ್ ಕಂಪ್ಯೂಟರ್ ಬಳಸಿದವರಿಗೆ ನೀಲಿ ಪರದೆಯ ಪರಿಚಯ ಇದ್ದೇ ಇರುತ್ತದೆ. ಪರದೆ ನೀಲಿಗೆ ತಿರುಗಿತೆಂದರೆ ಸೇವ್ ಮಾಡದ ಕಡತದ ಕತೆ ಮುಗಿಯಿತು. ಬೈಗುಳವೆಲ್ಲ ಮೈಕ್ರೋಸಾಫ್ಟಿಗೆ, ತಪ್ಪು ಮಾತ್ರ ಬಹಳ ಸಲ ಪ್ರಿಂಟರ್, ನೆಟ್‌ವರ್ಕ್ ಕಾರ್ಡ್ ಮಾರುವವರು ಬರೆದ, ಆ ಸಾಧನಗಳನ್ನು ವಿಂಡೋಸಿಗೆ ಜೋಡಿಸುವ ‘ಡ್ರೈವರ್’ ತಂತ್ರಾಂಶದ್ದು.

ಈ ಡ್ರೈವರುಗಳ ಬೆನ್ನು ಹತ್ತಿದವರಲ್ಲಿ ಒಬ್ಬರು ಶ್ರೀರಾಮ್ ರಾಜಮಣಿ. ಓದಿದ್ದು ಚೆನ್ನೈನ (ಆಗಿನ್ನೂ ಮದ್ರಾಸು) ಗಿಂಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ, 1794ರಲ್ಲಿ ಸರ್ವೆ ಶಾಲೆಯಾಗಿ ಶುರುವಾದ ಸಂಸ್ಥೆಯಲ್ಲಿ. ಅಲ್ಲಿಂದ ವರ್ಜೀನಿಯಾ, ಬರ್ಕ್‌ಲಿ. ಪಿಎಚ್‌.ಡಿ. ಮುಗಿಸಿ ಮೈಕ್ರೋಸಾಫ್ಟ್ ರಿಸರ್ಚ್ ಸೇರಿದ ಅವರು ಥಾಮಸ್ ಬಾಲ್ ಜೊತೆ 2000ದ ಹೊತ್ತಿಗೆ ಕಟ್ಟತೊಡಗಿದ್ದೇ ಸ್ಲ್ಯಾಮ್: ಕೋಡನ್ನು ಓಡಿಸದೆ, ಓದಿಯೇ ತಪ್ಪು ಹಿಡಿಯುವ ಪ್ರೋಗ್ರಾಮ್.

ಸುಲಭದ ಕೆಲಸವಲ್ಲ. ಯಾವ ಪ್ರೋಗ್ರಾಮ್ ಕೊಟ್ಟರೂ ಅದು ನಿಲ್ಲುತ್ತದೋ ಇಲ್ಲವೋ ಹೇಳಬಲ್ಲ ವಿಧಾನ ಇರಲಾರದೆಂದು ಅಲನ್ ಟ್ಯೂರಿಂಗ್ 1936ರಲ್ಲೇ ಸಾಬೀತು ಮಾಡಿದ್ದರು. ಎಲ್ಲ ತಪ್ಪನ್ನೂ ತಪ್ಪದೆ ಹಿಡಿಯುವ ವಿಧಾನಕ್ಕೂ ಇದೇ ಅಡ್ಡಿ. ಹಾಗಾಗಿ ಈ ಜೋಡಿ ಎಲ್ಲ ತಪ್ಪುಗಳ ತಂಟೆಗೂ ಹೋಗಲಿಲ್ಲ. ಡ್ರೈವರ್ ವಿಂಡೋಸ್ ಜೊತೆ ನಿಯಮದಂತೆ ವ್ಯವಹರಿಸುತ್ತಿದೆಯೇ? ಅಷ್ಟೇ ಪ್ರಶ್ನೆ. ಇಡೀ ಯೋಜನೆಯ ಜಾಣತನ ಈ ಸಣ್ಣ ಆಸೆಯಲ್ಲೇ ಇದೆ.

ಅವರದೇ ಉದಾಹರಣೆ ನೋಡಿ. ಒಂದು ಲೂಪ್; ಪ್ರತಿ ಸುತ್ತಿನ ಆರಂಭದಲ್ಲಿ ಲಾಕ್ (ಬೇರೆ ಕೋಡ್ ನಡುವೆ ಕೈಹಾಕದಂತೆ ತಡೆಯುವ ಬೀಗ) ಹಾಕಿ, ಪ್ಯಾಕೆಟ್ ಎಣಿಕೆಯ ನಕಲು ಇಟ್ಟುಕೊಳ್ಳುತ್ತದೆ. ಬೇಡಿಕೆ ಬಂದಿದ್ದರೆ ಲಾಕ್ ತೆಗೆದು ಎಣಿಕೆಗೆ ಒಂದು ಕೂಡಿಸುತ್ತದೆ. ಎಣಿಕೆಯೂ ನಕಲೂ ಬೇರೆಯಾಗಿದ್ದರೆ ಮತ್ತೊಂದು ಸುತ್ತು. ಇಲ್ಲದಿದ್ದರೆ ಹೊರಬಂದು ಲಾಕ್ ತೆಗೆಯುತ್ತದೆ. ನಿಯಮ ಇಷ್ಟೇ: ಹಾಕಿದ ಲಾಕ್ ತೆಗೆಯದೆ ಮತ್ತೆ ಹಾಕುವಂತಿಲ್ಲ.

ಸ್ಲ್ಯಾಮ್ ಮೊದಲು ಎಣಿಕೆಗಳನ್ನೆಲ್ಲ ಮರೆತುಬಿಡುತ್ತದೆ. ಲಾಕ್ ಬಿದ್ದಿದೆಯೋ ಇಲ್ಲವೋ, ಅದೊಂದೇ ನೆನಪು. ಆಗ ಬೇಡಿಕೆಯೇ ಇಲ್ಲದೆ ಎರಡನೇ ಸುತ್ತಿಗೆ ಹೋಗಿ ಲಾಕ್ ಎರಡು ಸಲ ಬಿದ್ದಂತೆ ಕಾಣುತ್ತದೆ. ಆದರೂ ದೂರು ಕೊಡಲು ಅವಸರಪಡುವುದಿಲ್ಲ. ಆ ದಾರಿ ಅಸಲಿ ಕೋಡಿನಲ್ಲಿ ಸಾಧ್ಯವೇ ಎಂದು ಪರೀಕ್ಷಿಸುತ್ತದೆ. ಬೇಡಿಕೆ ಇಲ್ಲದಿದ್ದರೆ ಎಣಿಕೆ ಬದಲಾಗದು, ಎಣಿಕೆ ಬದಲಾಗದಿದ್ದರೆ ಎರಡನೇ ಸುತ್ತೇ ಇಲ್ಲ. ಸುಳ್ಳು ದೂರು! ಈಗ ‘ಎಣಿಕೆ, ನಕಲು ಎರಡೂ ಸಮವೇ?’ ಎಂಬ ಒಂದೇ ಒಂದು ಹೌದು–ಅಲ್ಲ ಪ್ರಶ್ನೆ ಸೇರಿಸಿಕೊಂಡು ಮತ್ತೆ ಹುಡುಕುತ್ತದೆ. ಕೋಡ್ ಸರಿಯೆಂದು ಸಾಬೀತಾಗುತ್ತದೆ. ಪ್ಯಾಕೆಟ್ ಎಷ್ಟು ಎಂಬುದು ಕೊನೆವರೆಗೂ ಅದಕ್ಕೆ ಬೇಕಾಗಲೇ ಇಲ್ಲ.

ಎಲ್ಲ ಸಲವೂ ಇಷ್ಟು ಸಲೀಸಲ್ಲ. ಪ್ರಶ್ನೆಯ ಮೇಲೆ ಪ್ರಶ್ನೆ ಸೇರಿಸುತ್ತಾ ಹೋಗಿ ಕೊನೆಗೆ ಕೈಚೆಲ್ಲುವುದೂ ಉಂಟು. ಟ್ಯೂರಿಂಗ್ ಅಷ್ಟು ಸುಲಭಕ್ಕೆ ಬಿಡುವವರಲ್ಲ.

ಸ್ಲ್ಯಾಮ್ ಮುಂದೆ ‘ಸ್ಟ್ಯಾಟಿಕ್ ಡ್ರೈವರ್ ವೆರಿಫೈಯರ್’ ಎಂಬ ಹೆಸರಿನಲ್ಲಿ ಡ್ರೈವರ್ ಬರೆಯುವವರ ಕೈಗೇ ಬಂತು. 2011ರಲ್ಲಿ ಬಾಲ್, ರಾಜಮಣಿ ಇಬ್ಬರಿಗೂ ಸಿಎವಿ (ಕಂಪ್ಯೂಟರ್ ಏಡೆಡ್ ವೆರಿಫಿಕೇಶನ್) ಸಮ್ಮೇಳನದ ಪ್ರಶಸ್ತಿ ಸಂದಿತು. ಅಷ್ಟರಲ್ಲಿ ರಾಜಮಣಿ ಬೆಂಗಳೂರಿಗೆ ಬಂದಾಗಿತ್ತು. ಮುಂದೆ ಇಲ್ಲಿನ ಮೈಕ್ರೋಸಾಫ್ಟ್ ರಿಸರ್ಚ್ ಪ್ರಯೋಗಾಲಯದ ಮುಖ್ಯಸ್ಥರೂ ಆದರು.