ಇನಿಷಿಯಲ್‌ನಲ್ಲೇ ಅಡಗಿ ಕೂತಿದೆ ಒಂದು ವಂಶವೃಕ್ಷ!

ಒಂದು ಒಗಟು. ಬಿಡಿಸ್ತೀರಾ?

ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’. ಪುಟ್ಟಣ್ಣ ಕಣಗಾಲರ ‘ನಾಗರಹಾವು’. ಭೀಮಸೇನ ಜೋಶಿಯವರೂ ಮನ್ನಾ ಡೇ ಅವರೂ ಪೈಪೋಟಿಗೆ ಬಿದ್ದು ಹಾಡಿದ ಹಿಂದಿ ಸಿನಿಮಾ ‘ಬಸಂತ್ ಬಹಾರ್’. ಈ ಮೂರಕ್ಕೂ ಏನು ನಂಟು?

ಎತ್ತಣ ಮಾಮರ, ಎತ್ತಣ ಕೋಗಿಲೆ ಅಂತೀರಿ. ತಡೀರಿ!

ಮೂರಕ್ಕೂ ಬೇರು ಒಂದೇ ಮನೆಯಲ್ಲಿದೆ. ಒಂದೇ ಮನೆ! ಅದೂ ಎಲ್ಲಿ? ಚಳ್ಳಕೆರೆ ತಾಲ್ಲೂಕಿನ ತಳುಕಿನಲ್ಲಿ!

ಚಳ್ಳಕೆರೆಯಿಂದ ಬಳ್ಳಾರಿ ಕಡೆ ಹೊರಟರೆ ಹೆದ್ದಾರಿಯಲ್ಲೇ ಸಿಗುವ ಊರು. ತಾಲ್ಲೂಕು ಚಳ್ಳಕೆರೆ, ಓಟು ಮಾತ್ರ ಮೊಳಕಾಲ್ಮುರು ಕ್ಷೇತ್ರಕ್ಕೆ. ಮಳೆ ಕೈಕೊಡುವ ಶೇಂಗಾ ಸೀಮೆ. ಬಸ್ಸಿನಲ್ಲಿ ಹೋಗುವವರು ಕಿಟಕಿಯಾಚೆ ತಿರುಗಿಯೂ ನೋಡುವುದಿಲ್ಲ. ನೋಡಬೇಕು ಕಣ್ರೀ!

1885. ತಳುಕಿನ ಸುಬ್ಬಣ್ಣನವರಿಗೆ ಗಂಡುಮಗು. ಹೆಸರು ವೆಂಕಣ್ಣಯ್ಯ. ಹಡೆದು ಮಲಗಿದ್ದ ಆ ಹಳ್ಳಿತಾಯಿಯ ಕಿವಿಯಲ್ಲಿ ಯಾರಾದರೂ ಮುಂದಿನ ಕತೆ ಉಸುರಿದ್ದರೆ? ಖಂಡಿತ ನಂಬುತ್ತಿರಲಿಲ್ಲ!

ಈ ಕೂಸು ಮೈಸೂರು ವಿಶ್ವವಿದ್ಯಾಲಯದ ಮೊದಲ ಕನ್ನಡ ಪ್ರಾಧ್ಯಾಪಕ! ಎ.ಆರ್. ಕೃಷ್ಣಶಾಸ್ತ್ರಿಗಳ ಜೊತೆ ಸೇರಿ ‘ಕನ್ನಡದ ಅಶ್ವಿನೀ ದೇವತೆಗಳು’ ಅನ್ನಿಸಿಕೊಂಡವರು! ಕುವೆಂಪು ಅವರ ಗುರು! 1939ರಲ್ಲಿ ತೀರಿಕೊಂಡ ಈ ಮೇಷ್ಟ್ರಿಗೇ ಶಿಷ್ಯ ತನ್ನ ಮಹಾಕಾವ್ಯವನ್ನು ಅರ್ಪಿಸಿದ್ದು. ಅದೇ ಕಾವ್ಯಕ್ಕೆ 1967ರ ಜ್ಞಾನಪೀಠ. ಕನ್ನಡಕ್ಕೆ ಮೊಟ್ಟಮೊದಲನೆಯದು!

ಮುಗೀತಾ? ಎಲ್ಲಿ ಮುಗೀತು!

1906ರಲ್ಲಿ ತಮ್ಮ ಹುಟ್ಟಿದರು. ಅಣ್ಣನಿಗೂ ತಮ್ಮನಿಗೂ ಭರ್ತಿ 21 ವರ್ಷ ಅಂತರ! ಇವರೂ ಕನ್ನಡ ಮೇಷ್ಟ್ರೇ, ಇವರೂ ವಿದ್ವಾಂಸರೇ: ತ.ಸು. ಶಾಮರಾಯ.

ಇನ್ನೊಬ್ಬ ಸಹೋದರ ರಾಮಸ್ವಾಮಯ್ಯ ಹರಿಹರದಲ್ಲಿ ವಕೀಲರು. 1920ರಲ್ಲಿ ಅವರಿಗೊಬ್ಬ ಮಗ. ಯಾರು ಹೇಳಿ ನೋಡೋಣ?

ತ.ರಾ.ಸು!

ಹೌದು, ‘ದುರ್ಗಾಸ್ತಮಾನ’ದ ತ.ರಾ.ಸು! ಅವರ ಕಾದಂಬರಿಗಳೇ 1972ರಲ್ಲಿ ‘ನಾಗರಹಾವು’ ಆದವು, ನಮಗೆ ವಿಷ್ಣುವರ್ಧನ್ ಸಿಕ್ಕರು. ಅವರ ‘ಹಂಸಗೀತೆ’ಯೇ 1956ರಲ್ಲಿ ‘ಬಸಂತ್ ಬಹಾರ್’ ಆಯಿತು. ಚಿತ್ರದುರ್ಗದ ಸಂಗೀತಗಾರನ ಕತೆಗೆ ಬೊಂಬಾಯಿ ತಲೆದೂಗಿತು!

ಈಗ ನನಗೆ ರೋಮಾಂಚನವಾದ ಜಾಗಕ್ಕೆ ಬನ್ನಿ. ಒಂದೇ ಉಸಿರಿನಲ್ಲಿ ತ.ರಾ.ಸು. ಅಂತೀವಲ್ಲ, ಸ್ವಲ್ಪ ಬಿಡಿಸಿ ನೋಡಿ. ‘ತ’ ಅಂದರೆ ತಳುಕು. ‘ರಾ’ ಅಪ್ಪ ರಾಮಸ್ವಾಮಯ್ಯ. ‘ಸು’ ಸ್ವತಃ ಸುಬ್ಬರಾವ್. ಇನ್ನು ತ.ಸು. ಶಾಮರಾಯರದು? ‘ತ’ ಅದೇ ತಳುಕು. ‘ಸು’ ಮಾತ್ರ ಅಪ್ಪ ಸುಬ್ಬಣ್ಣ! ಚಿಕ್ಕಪ್ಪನ ಇನಿಷಿಯಲ್‌ನಲ್ಲಿ ತಾತ, ಅಣ್ಣನ ಮಗನದರಲ್ಲಿ ಮೊಮ್ಮಗ. ಅಕ್ಷರ ಒಂದೇ!

ಇನ್ನೂ ಒಂದು ತಮಾಷೆ. ತ.ರಾ.ಸು. ಹುಟ್ಟಿದ್ದು ತಳುಕಿನಲ್ಲಲ್ಲ, ಮಲೆಬೆನ್ನೂರಿನಲ್ಲಿ! ಆದರೂ ಆ ‘ತ’ ಬಿಡಲಿಲ್ಲ.

ಊರು ಬಂತು. ತಾತ ಬಂದರು. ಅಪ್ಪ ಬಂದರು. ಎಲ್ಲರನ್ನೂ ಹೆತ್ತು ಸಾಕಿದ ಅಮ್ಮ, ಅಜ್ಜಿ ಎಲ್ಲಿ? ಅವರಿಗೆ ಒಂದಕ್ಷರದಷ್ಟು ಜಾಗವೂ ಇಲ್ಲ! ಇದು ತಳುಕಿನವರ ತಪ್ಪಲ್ಲ ಬಿಡಿ, ನಿಮ್ಮ ನನ್ನ ಇನಿಷಿಯಲ್‌ಗಳ ಪಾಡೂ ಇದೇ.

ಈ ಮನೆತನದ ಕತೆಯನ್ನು ಶಾಮರಾಯರೇ ‘ಮೂರು ತಲೆಮಾರು’ ಅಂತ ಬರೆದಿಟ್ಟಿದ್ದಾರೆ. ಹುಡುಕಿ ಓದಿ. ಹಾಗೇ ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಕೇಳಿ: ನಮ್ಮ ಮುತ್ತಜ್ಜಿಯ ಹೆಸರೇನು, ತವರು ಯಾವ ಊರು? ಉತ್ತರ ಸಿಕ್ಕರೆ ತಡಮಾಡಬೇಡಿ, ಬರೆದಿಟ್ಟುಕೊಳ್ಳಿ!