ಬಶೀರಾಬಾದಿನ ಬಾವಿಯಲ್ಲಿ ಮ್ಯೂನಿಕ್ಕಿನ ಕಪ್ಪು ಬಿಯರ್!

ತೆಲಂಗಾಣ-ಕರ್ನಾಟಕ ಗಡಿಯ ಬಶೀರಾಬಾದ್ ಸೀಮೆಯ ತೆರೆದ ಬಾವಿಗೆ ಬಗ್ಗಿ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ನೀರಲ್ಲ, ಕಲ್ಲು. ಪುಸ್ತಕ ಪೇರಿಸಿಟ್ಟ ಹಾಗೆ ಪದರದ ಮೇಲೆ ಪದರ, ಬೂದು, ನೀಲಿ, ನಸುಹಳದಿ. ಈ ಸುಣ್ಣಕಲ್ಲಿಗೆ ಸೇಡಂ ಕಡೆ ಶಹಾಬಾದ್ ಫರ್ಸಿ ಎಂಬ ಹೆಸರು, ತಾಂಡೂರಿನಲ್ಲಿ ನಾಪರಾಯಿ. ಮನೆಯ ನೆಲವೂ ಅದೇ, ಅಂಗಳದ ಕಟ್ಟೆಯೂ ಅದೇ. ಅಷ್ಟೇ ಅಲ್ಲ, ಆ ಕಲ್ಲನ್ನು ಇಲ್ಲಿನವರು ದಿನಾ ಕುಡಿಯುತ್ತಲೂ ಇದ್ದಾರೆ!

ಹೇಗೆ ಅಂತೀರಾ? ಮಳೆನೀರು ಮಣ್ಣಿಗಿಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿಗೆ ಸುಣ್ಣಕಲ್ಲು ಕರಗಿ, ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಜೋಡಿಯಾಗಿ ಕೊಡದೊಳಗೆ ಬಂದು ಕೂರುತ್ತವೆ, ನೀರು ಗಡಸಾಗುತ್ತದೆ. ಅಡುಗೆಮನೆಗೆ ಇದು ಹಳೇ ಸುದ್ದಿ. 2022ರಲ್ಲಿ ಜಿಐ ಮನ್ನಣೆ ಪಡೆದ ತಾಂಡೂರು ತೊಗರಿಯ ಬೇಳೆಯೂ ಗಡಸು ನೀರಿಗೆ ಬಿದ್ದರೆ ಬೇಯಲು ಸತಾಯಿಸುತ್ತದೆ. ನೀರು ಕಾಯಿಸಿದ ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುತ್ತದೆ. ಹೊಸ ಸುದ್ದಿ ಬೇರೆಯೇ ಇದೆ. ಈ ನೀರನ್ನು ಅಳೆದು, ಇದರಿಂದ ಯಾವ ಬಣ್ಣದ ಬಿಯರ್ ರುಚಿಗಟ್ಟುತ್ತದೆ ಎಂದು ಕುಳಿತಲ್ಲೇ ಹೇಳಿಬಿಡಬಹುದು!

ಅಳೆಯಲು ಪಿಯುಸಿ ಲ್ಯಾಬಿನ ಸಾಮಾನು ಸಾಕು. ಬಾವಿಯ ನೀರು 50 ಮಿಲಿ. ಅದಕ್ಕೆ ಮೂಗು ಸುಡುವ ಅಮೋನಿಯಾ ಬಫರ್ ಒಂದಿಷ್ಟು, ಎರಿಯೋಕ್ರೋಮ್ ಬ್ಲಾಕ್ ಟಿ ಚಿಟಿಕೆಯಷ್ಟು. ನೀರು ದ್ರಾಕ್ಷಾರಸದ ಕೆಂಪಿಗೆ ತಿರುಗುತ್ತದೆ. ಈಗ ಬ್ಯುರೆಟ್‌ನಿಂದ 0.01 ಮೋಲಾರ್ ಇಡಿಟಿಎ ಹನಿಹನಿಯಾಗಿ ಬಿಡಿ. ಕೆಂಪು, ಕೆಂಪು, ಇನ್ನೂ ಕೆಂಪು. ಆಮೇಲೆ ನೇರಳೆಯ ಛಾಯೆ. ಮತ್ತೊಂದೇ ಹನಿ, ಇಡೀ ಫ್ಲಾಸ್ಕ್ ನೀಲಿ! ಖರ್ಚಾದ ಮಿಲಿಲೀಟರನ್ನು 20ರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಗಡಸುತನ ಎಂಬುದು ಕೈಗೆ ಸಿಗುತ್ತದೆ. 17.5 ಮಿಲಿ ಇಳಿದಿದ್ದರೆ 350. ಕುಡಿಯುವ ನೀರಿಗೆ ಬಿಐಎಸ್ 200 ಇದ್ದರೆ ಒಳ್ಳೆಯದೆನ್ನುತ್ತದೆ, ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಒಪ್ಪುತ್ತದೆ. ಅಂಗಡಿಯಲ್ಲಿ ಸಿಗುವ ಟಿಡಿಎಸ್ ಮೀಟರ್ ಇಲ್ಲಿ ಉಪಯೋಗಕ್ಕೆ ಬಾರದು. ಅದು ಒಟ್ಟು ಲವಣದ ಅಂದಾಜು ಹೇಳೀತು, ಯಾವ ಲವಣ ಎಷ್ಟು ಎಂದು ಹೇಳದು.

ಬೈಕಾರ್ಬೊನೇಟಿನಿಂದ ಬರುವ ಕ್ಷಾರೀಯತೆಯನ್ನು ಬೇರೆಯಾಗಿಯೇ ಅಳೆಯಬೇಕು, ಆಮ್ಲ ಹನಿಸಿ, ಮೀಥೈಲ್ ಆರೆಂಜ್ ಬಣ್ಣ ನೋಡಿ. ನಿಜವಾದ ಕುಸ್ತಿ ಇರುವುದೇ ಇಲ್ಲಿ! ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಸುಮಾರು 65 ಡಿಗ್ರಿ ನೀರಿನಲ್ಲಿ ನೆನೆಹಾಕಿದಾಗ ಅದರ ಪಿಎಚ್ 5.2ರಿಂದ 5.6ರ ಒಳಗಿರಬೇಕು. ಬೈಕಾರ್ಬೊನೇಟ್ ಅದನ್ನು ಮೇಲಕ್ಕೆಳೆಯುತ್ತದೆ, ಕ್ಯಾಲ್ಸಿಯಂ ಕೆಳಕ್ಕೆ. ಗೆಲ್ಲುವವರು ಯಾರು? ಲೆಕ್ಕ ಕೊಟ್ಟವನು ಜರ್ಮನಿಯ ಪಾಲ್ ಕೋಲ್ಬಾಕ್, 1953ರಲ್ಲಿ: ಕ್ಯಾಲ್ಸಿಯಂ ಗಡಸುತನದ ಮೂರೂವರೆ ಪಾಲು ಕ್ಷಾರೀಯತೆಯ ಒಂದೇ ಪಾಲನ್ನು ಕೊಲ್ಲುತ್ತದೆ. ಗಡಸುತನವೆಲ್ಲ ಕ್ಯಾಲ್ಸಿಯಂನದೇ ಆಗಿ, ಎರಡೂ 350 ಇದ್ದವೆನ್ನಿ. ಕ್ಯಾಲ್ಸಿಯಂ ಸೋಲಿಸುವುದು ನೂರನ್ನು, ಮಿಕ್ಕ 250 ಹಾಗೇ ನಿಲ್ಲುತ್ತದೆ. ಆ ನೀರಿನಲ್ಲಿ ತಿಳಿಹಳದಿ ಬಿಯರ್ ಮಾಡಹೊರಟರೆ ಹೊಟ್ಟಿನ ಒಗರೆಲ್ಲ ಇಳಿದು ನಾಲಿಗೆ ಕೆರೆಯುತ್ತದೆ.

ಹಾಗಾದರೆ? ಕಾಳನ್ನು ಕಪ್ಪಗೆ ಹುರಿಯಿರಿ! ಹುರಿದ ಮಾಲ್ಟಿಗೆ ತನ್ನದೇ ಹುಳಿ ಇದೆ, ಆ ಹುಳಿ ಕ್ಷಾರವನ್ನು ಮಟ್ಟಹಾಕುತ್ತದೆ. ಮ್ಯೂನಿಕ್ಕಿನ ನೀರೂ ಸುಣ್ಣದ್ದೇ, ಆ ಊರಿನ ಹಳೇ ಹೆಸರುವಾಸಿ ಬಿಯರೂ ಕಪ್ಪುಗಂದು. ಚೆಕ್ ನಾಡಿನ ಪಿಲ್ಸೆನ್‌ನ ನೀರು ಬಲು ಮೃದು, ಅಲ್ಲಿ 1842ರಲ್ಲಿ ಹುಟ್ಟಿದ್ದು ಬಂಗಾರದ ಬಣ್ಣದ ಬಿಯರ್. ಇಂಗ್ಲೆಂಡಿನ ಬರ್ಟನ್ ಬಾವಿಗಳಲ್ಲಿ ಜಿಪ್ಸಂ, ಅಲ್ಲಿನದು ಕಹಿ ಚುರುಕಿನ ಏಲ್. ಪಿಎಚ್ ಎಂಬ ಅಳತೆಯನ್ನು ಸೋರೆನ್ಸನ್ ಕೊಟ್ಟದ್ದೇ 1909ರಲ್ಲಿ, ಅದೂ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ! ಅದಕ್ಕೂ ಹಿಂದೆ ನಾಲಿಗೆಯೇ ಮೀಟರು.

ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು ತೆಲಂಗಾಣದಲ್ಲಿ ಅಪರಾಧ, ಗಡಿ ದಾಟಿ ಕರ್ನಾಟಕಕ್ಕೆ ಬಂದರೂ ಅಷ್ಟೇ. ನೀರು ಅಳೆಯಲು ಯಾರ ಅಪ್ಪಣೆಯೂ ಬೇಡ. ಅಳೆಯುವುದಾದರೆ ನೈಟ್ರೇಟನ್ನೂ ನೋಡಿ. ಗೊಬ್ಬರ ಬಿದ್ದ ಹೊಲದ ಬಾವಿಯಲ್ಲಿ ಅದು ಕುಡಿಯುವ ನೀರಿನ ಮಿತಿಯಾದ 45 ಮಿಲಿಗ್ರಾಂ ದಾಟಿರಬಹುದು, ಕುದಿಸಿದರೆ ಹೋಗುವ ಪೈಕಿ ಅದಲ್ಲ. ಬೈಕಾರ್ಬೊನೇಟ್ ಹಾಗಲ್ಲ, ಕುದಿಸಿದರೆ ಬಹುಪಾಲು ಪೊರೆಯಾಗಿ ತಳ ಸೇರುತ್ತದೆ.

ಕ್ಷಾರೀಯತೆ ಇಳಿಸಲು ಕುದಿಸುವುದಕ್ಕಿಂತ ಸುಲಭದ ದಾರಿಯೂ ಉಂಟು. ಮಾಳಿಗೆಯ ಮಳೆನೀರಿನಲ್ಲಿ ಖನಿಜ ಇಲ್ಲವೆನ್ನುವಷ್ಟು ಕಡಿಮೆ. ಬಾವಿಯ ನೀರಿಗೆ ಅಷ್ಟೇ ಮಳೆನೀರು ಬೆರೆಸಿದರೆ 250 ಇದ್ದದ್ದು 125ಕ್ಕೆ ಇಳಿಯುತ್ತದೆ, ಕಪ್ಪು ಬಿಯರಿನ ನೀರು ಕಂದು ಬಿಯರಿನದಾಗುತ್ತದೆ. ಬರೀ ಮಳೆನೀರೇ ಆದರೆ? ಪಿಲ್ಸೆನ್‌ನ ಮೃದು ನೀರು ಜೂನ್ ಬಂದೊಡನೆ ಬಶೀರಾಬಾದಿನ ಮಾಳಿಗೆ ಮೇಲೆ ಪುಕ್ಕಟೆ ಸುರಿಯುತ್ತದೆ!