ಕೆಂಚನ ಚೆಂಡಿನ ಡಬ್ಬಿ

ನನ್ನ ಬಲಭುಜ ಹಿಡಿದುಕೊಂಡದ್ದು ಯುಗಾದಿಯ ಆಸುಪಾಸಿನಲ್ಲಿ. ಬನಿಯನ್ ತೊಡಲಿಕ್ಕೂ ಇನ್ನೊಬ್ಬರು ಬೇಕೆನ್ನುವ ಸ್ಥಿತಿ. ಬೀದಿಯಿಂದ ಬಂದು ಮನೆಯವನಾದ ನಾಯಿ ಕೆಂಚನಿಗೆ ಇದೆಲ್ಲ ತಿಳಿಯುವುದೆಲ್ಲಿ? ಬೆಳಿಗ್ಗೆ ಆರಕ್ಕೆ ಜೊಲ್ಲು ಸುರಿಸುತ್ತ ಬಂದು, ಚೆಂಡನ್ನು ನನ್ನ ಪಾದದ ಮೇಲೆ ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು, ನನ್ನ ಕೈಯನ್ನೇ ನೋಡುತ್ತ ನಿಲ್ಲುತ್ತಿದ್ದ. ಎಡಗೈಯಲ್ಲಿ ಎಸೆದರೆ ಚೆಂಡು ಸಂಪಿಗೆ ಮರದ ಬುಡ ದಾಟುತ್ತಿರಲಿಲ್ಲ. ಅದನ್ನು ಎಸೆತವೆಂದು ಕೆಂಚ ಒಪ್ಪುತ್ತಿರಲಿಲ್ಲ.

ಹಾಗಾಗಿ ಚೆಂಡೆಸೆಯುವ ಡಬ್ಬಿಯೊಂದನ್ನು ಕಟ್ಟಲು ಹೊರಟೆವು. ತಂತಿ, ಪ್ರೋಗ್ರಾಮು ಡಿಪ್ಲೊಮಾ ಓದುತ್ತಿದ್ದ ಅಕ್ಕನ ಮಗಳ ಪಾಲಿಗೆ. ಮರ, ಮೊಳೆ, ಗುಜರಿ ಅಂಗಡಿಯ ಅಲೆದಾಟ ನನ್ನ ಪಾಲಿಗೆ. ಎಸೆಯುವುದೇ ಕಷ್ಟದ ಕೆಲಸ, ಉಳಿದದ್ದೆಲ್ಲ ಸುಲಭ ಎಂದುಕೊಂಡಿದ್ದೆ. ಆದದ್ದು ಉಲ್ಟಾ.

ಎಸೆಯುವ ಲೆಕ್ಕ ನಿಜಕ್ಕೂ ಸಣ್ಣದು. ಟೆನಿಸ್ ಚೆಂಡಿನ ತೂಕ 56ರಿಂದ 59 ಗ್ರಾಂ, ಅಡ್ಡಳತೆ ಸುಮಾರು 6.6 ಸೆಂಟಿಮೀಟರ್. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ, 45 ಡಿಗ್ರಿ ಓರೆಯಾಗಿ ಹೊರಟರೆ, ಗಾಳಿಯ ತಡೆಯನ್ನು ಬದಿಗಿಟ್ಟಾಗ, ಅದು 10 ಮೀಟರಿಗಿಂತ ತುಸು ಆಚೆ ಬೀಳುತ್ತದೆ. ಗಾಳಿ ಅದರಲ್ಲಿ ಸ್ವಲ್ಪ ಕಿತ್ತುಕೊಳ್ಳುತ್ತದೆ. ನಮ್ಮ ಹಿತ್ತಿಲಿಗೆ ಅಷ್ಟು ಸಾಕು. ಇದಕ್ಕೆ ತಗಲುವ ಶಕ್ತಿ ಸುಮಾರು 3 ಜೂಲ್, ಅಂದರೆ ಒಂದು ಲೀಟರ್ ಹಾಲಿನ ಪ್ಯಾಕೆಟ್ಟನ್ನು ನೆಲದಿಂದ ಒಂದಡಿ ಮೇಲೆತ್ತುವಷ್ಟು. ಇದನ್ನು ಒಂದೇ ಗಳಿಗೆಯಲ್ಲಿ ಚೆಂಡಿಗೆ ದಾಟಿಸಬೇಕು, ಅಷ್ಟೆ.

ದಾಟಿಸುವ ದಾರಿಗಳನ್ನು ಜನ ಹಿಂದಿನಿಂದಲೂ ಹುಡುಕಿದ್ದಾರೆ. ನಾಲ್ಕನೇ ಆಯಾಮದ ಬಗ್ಗೆ ಬರೆದು ಹೆಸರಾದ ಗಣಿತಜ್ಞ ಚಾರ್ಲ್ಸ್ ಹಿಂಟನ್ 1897ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಬೇಸ್‌ಬಾಲ್ ಹುಡುಗರ ಅಭ್ಯಾಸಕ್ಕೆಂದು ಕೋವಿಮದ್ದಿನಿಂದ ಚೆಂಡು ಹಾರಿಸುವ ಯಂತ್ರ ಮಾಡಿದ್ದರು. ಎದುರು ನಿಂತ ಹುಡುಗರ ಎದೆಬಡಿತ ಊಹಿಸಬಹುದು. 1920ರ ದಶಕದಲ್ಲಿ ಫ್ರಾನ್ಸಿನ ಟೆನಿಸ್ ಆಟಗಾರ ರೆನೆ ಲಕೋಸ್ಟ್ ಒಬ್ಬರೇ ಅಭ್ಯಾಸ ಮಾಡಲು ಚೆಂಡೆಸೆಯುವ ಯಂತ್ರ ರೂಪಿಸಿಕೊಂಡರು. ಅಂಗಿಯ ಮೇಲೆ ಮೊಸಳೆಯ ಗುರುತು ಹಾಕಿ ಮಾರಿದವರು ಇವರೇ. ನಾಯಿಗೆ ಚೆಂಡೆಸೆಯುವ ಡಬ್ಬಿ ಈ ವಂಶದ ಕಿರಿಯ ಕೂಸು.

ನಾವು ಮೊದಲು ಹಿಡಿದದ್ದು ಸ್ಪ್ರಿಂಗಿನ ದಾರಿ. ಹನ್ನೆರಡು ಸೆಂಟಿಮೀಟರ್ ಎಳೆಯುವಷ್ಟರಲ್ಲಿ 5 ಕಿಲೋ ತೂಕದಷ್ಟು ಬಲ ಬೇಡುವ ಸ್ಪ್ರಿಂಗಾದರೆ ಆ 3 ಜೂಲ್ ಅದರಲ್ಲಿ ಕೂರುತ್ತದೆ. ಹಳೆಯ ಕಾರಿನ ವೈಪರ್ ಮೋಟರು ನಿಧಾನವಾಗಿ ತಿರುಗಿದರೂ ಎಳೆತ ಜೋರು. ಅದಕ್ಕೆ ಅರ್ಧ ಸುತ್ತಿಗೆ ಮಾತ್ರ ಹಲ್ಲುಳಿಸಿದ ಗಿಯರು ಹಾಕಿದೆವು. ಹಲ್ಲಿರುವ ತನಕ ಸ್ಪ್ರಿಂಗನ್ನು ಎಳೆಯುತ್ತದೆ, ಹಲ್ಲು ಮುಗಿದೊಡನೆ ಕೈಬಿಡುತ್ತದೆ. ಜಾಣ ಉಪಾಯವೇ. ಆದರೆ ಬಿಟ್ಟಾಗಿನ ‘ಟಪ್’ ಸದ್ದಿಗೆ ಕೆಂಚ ದೀಪಾವಳಿಯ ರಾತ್ರಿಯ ಹಾಗೆ ಮಂಚದಡಿ ಸೇರಿಕೊಂಡ. ಸ್ಪ್ರಿಂಗಿನಲ್ಲಿ ಇನ್ನೂ ಒಂದು ದೋಷವಿದೆ: ಕರೆಂಟು ತೆಗೆದರೂ, ಎಳೆದಿಟ್ಟ ಸ್ಪ್ರಿಂಗಿನ ಸಿಟ್ಟು ಇಳಿದಿರುವುದಿಲ್ಲ. ಸತ್ತಂತಿರುವ ಡಬ್ಬಿಯೊಳಗೆ ಕೈ ಹಾಕಿದವರ ಬೆರಳಿಗೆ ಅದು ಬಡಿಯುತ್ತದೆ. ಮಕ್ಕಳಿರುವ ಮನೆಗೆ ಬೇಡವೆಂದು ಬಿಚ್ಚಿಟ್ಟೆ.

ಉಳಿದದ್ದು ಕ್ರಿಕೆಟ್ ಬೌಲಿಂಗ್ ಯಂತ್ರದ ದಾರಿ. ಎದುರುಬದುರು ದಿಕ್ಕಿಗೆ ತಿರುಗುವ ಎರಡು ಗಾಲಿ. ನಡುವೆ ಚೆಂಡಿಗಿಂತ ಒಂದು ಸೆಂಟಿಮೀಟರ್ ಕಿರಿದಾದ ಸಂದು. ಕಬ್ಬಿನ ಗಾಣಕ್ಕೆ ಜಲ್ಲೆ ಕೊಟ್ಟ ಹಾಗೆ ಚೆಂಡನ್ನು ಕೊಟ್ಟರೆ, ಗಾಲಿಗಳು ಅದನ್ನು ಅದುಮಿ ಆಚೆ ಉಗಿಯುತ್ತವೆ. 10 ಸೆಂಟಿಮೀಟರ್ ಅಡ್ಡಳತೆಯ ಗಾಲಿಯ ಸುತ್ತಳತೆ 31 ಸೆಂಟಿಮೀಟರ್ ಚಿಲ್ಲರೆ. ಅಂಚು ಸೆಕೆಂಡಿಗೆ 10 ಮೀಟರ್ ಓಡಬೇಕಾದರೆ ನಿಮಿಷಕ್ಕೆ ಸುಮಾರು 1,900 ಸುತ್ತು. ಚೆಂಡು ಜಾರುವುದರಿಂದ ಅದಕ್ಕಿಂತ ಹೆಚ್ಚೇ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ 12 ವೋಲ್ಟಿನ ಎರಡು ಮೋಟರು ಬಂದವು, ಹಳೆಯ ಯುಪಿಎಸ್‌ನ ಬ್ಯಾಟರಿ ಮನೆಯಲ್ಲೇ ಇತ್ತು. ಗಾಲಿಯ ಅಂಚಿಗೆ ಸೈಕಲ್ ಟ್ಯೂಬು ಸುತ್ತಿ ಹಿಡಿತ ಕೊಟ್ಟೆವು.

ಮೊದಲ ಎಸೆತ ನಾಲ್ಕು ಮೀಟರ್ ಹೋಗಿ ಸುಸ್ತಾಯಿತು. ಮೋಟರು ಸಣ್ಣದಾಯಿತೇನೋ ಅಂದುಕೊಂಡೆ. ತಪ್ಪು ಮೋಟರಿನದಲ್ಲ, ಗಾಲಿಯದು. ಆಟಿಕೆಯ ಪ್ಲಾಸ್ಟಿಕ್ ಗಾಲಿ ಒಂದೊಂದೂ 60 ಗ್ರಾಂ. ಆ ವೇಗದಲ್ಲಿ ಎರಡರಲ್ಲೂ ಕೂಡಿಟ್ಟ ಶಕ್ತಿ ಹೆಚ್ಚುಕಡಿಮೆ 3 ಜೂಲ್. ಚೆಂಡು ಕೇಳುವುದೂ ಅಷ್ಟೇ. ಇದ್ದಬದ್ದದ್ದನ್ನೆಲ್ಲ ಕೊಟ್ಟು ಗಾಲಿಯೇ ನಿಂತುಬಿಡಬೇಕಾಗುತ್ತದೆ. ಚೆಂಡು ಗಾಲಿಗಳ ನಡುವೆ ಇರುವುದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು. ಅಷ್ಟರಲ್ಲಿ ಮೋಟರು ಹೊಸದಾಗಿ ಏನನ್ನೂ ಕೊಡಲಾರದು. ಕುಂಬಾರರ ತಿಗರಿ ಏಕೆ ಭಾರವಾಗಿರುತ್ತದೆ ನೆನೆಸಿಕೊಳ್ಳಿ. ಕೋಲಿನಿಂದ ಒಮ್ಮೆ ಬೀಸಿ ತಿರುಗಿಸಿದರೆ, ಮಣ್ಣು ಒತ್ತುವ ಕೈಯ ತಡೆಯನ್ನು ಸಹಿಸಿಕೊಂಡು ಅದು ಸುತ್ತುತ್ತಲೇ ಇರುತ್ತದೆ. ಗಟ್ಟಿಮರದ ಬಿಲ್ಲೆಗೆ ಕಬ್ಬಿಣದ ವಾಷರುಗಳನ್ನು ಬಿಗಿದು ಗಾಲಿಯನ್ನು ಕಾಲು ಕಿಲೋ ಮಾಡಿದೆವು. ಈಗ ಎರಡರಲ್ಲೂ ಸೇರಿ 12 ಜೂಲ್. ಚೆಂಡು ಅದರಲ್ಲಿ ಕಾಲುಭಾಗ ಒಯ್ದರೂ ಗಾಲಿ ತುಸು ಕುಗ್ಗಿ ಮತ್ತೆ ಚೇತರಿಸಿಕೊಳ್ಳುತ್ತದೆ. ಅದೇ ಮೋಟರು, ಅದೇ ಬ್ಯಾಟರಿ, ಚೆಂಡು ಹಿತ್ತಿಲ ಕೊನೆಗೆ.

ಕೊನೆಗೇನೋ ಹೋಯಿತು, ಎಡಕ್ಕೆ ವಾಲಿ ಪಕ್ಕದ ಮನೆಯವರ ಹಪ್ಪಳ ಒಣಗಿಸಿದ್ದ ಸೀರೆಯ ಮೇಲೆ. ಒಂದೇ ಪೆಟ್ಟಿಗೆಯಿಂದ ತಂದ ಎರಡು ಮೋಟರುಗಳೂ ಒಂದೇ ವೇಗದಲ್ಲಿ ಸುತ್ತುವುದಿಲ್ಲ. ಗಾಲಿಗಳನ್ನು ಅಕ್ಕಪಕ್ಕ ಇಟ್ಟಿದ್ದರಿಂದ ಆ ವ್ಯತ್ಯಾಸ ಚೆಂಡಿಗೆ ಪಕ್ಕದ ತಿರುಗು ಕೊಡುತ್ತಿತ್ತು. ಬೌಲಿಂಗ್ ಯಂತ್ರದಲ್ಲಿ ಸ್ಪಿನ್ ಬರಿಸಲು ಬೇಕೆಂದೇ ಮಾಡುವುದು ಇದನ್ನೇ. ವೇಗ ಸರಿಹೊಂದಿಸಲು ಮೂರು ದಿನ ಒದ್ದಾಡಿದ ಮೇಲೆ, ಡಬ್ಬಿಯನ್ನು ಪಕ್ಕಕ್ಕೆ ಹೊರಳಿಸಿ ಒಂದು ಗಾಲಿ ಮೇಲೆ, ಒಂದು ಕೆಳಗೆ ಬರುವಂತೆ ಇಟ್ಟೆವು. ಈಗ ವ್ಯತ್ಯಾಸವಾದರೆ ಚೆಂಡು ಒಂದು ಮೊಳ ಮುಂದೆ ಬೀಳುತ್ತದೆ, ಇಲ್ಲ ಹಿಂದೆ ಬೀಳುತ್ತದೆ. ಹಪ್ಪಳಕ್ಕೆ ತೊಂದರೆಯಿಲ್ಲ.

ಓರೆಯನ್ನೂ ಇಳಿಸಿದೆವು. 45 ಡಿಗ್ರಿಯಲ್ಲಿ ದೂರ ಹೆಚ್ಚು, ನಿಜ. ಆದರೆ ಚೆಂಡು ಡಬ್ಬಿಯ ಬಾಯಿಂದ ಎರಡೂವರೆ ಮೀಟರ್ ಮೇಲೇರುತ್ತದೆ. ಅದನ್ನು ಗಾಳಿಯಲ್ಲೇ ಹಿಡಿಯಲು ನಾಯಿ ಮೈ ತಿರುಚಿ ನೆಗೆಯುತ್ತದೆ, ಹಿಂಗಾಲ ಮೇಲೆ ಬೀಳುತ್ತದೆ. 25 ಡಿಗ್ರಿಗೆ ಇಳಿಸಿದರೆ ದೂರದಲ್ಲಿ ಎರಡೂವರೆ ಮೀಟರ್ ಕಳೆದುಕೊಳ್ಳುತ್ತೇವೆ, ಎತ್ತರ ಮಾತ್ರ ಒಂದು ಮೀಟರಿನೊಳಗೆ ಉಳಿಯುತ್ತದೆ. ಚೆಂಡು ಬೇಗ ನೆಲಕ್ಕಿಳಿದು ಉರುಳುತ್ತದೆ, ನಾಯಿ ನೆಗೆಯದೆ ಓಡುತ್ತದೆ.

ಎರಡು ವಾರದಲ್ಲಿ ಇಷ್ಟಾಯಿತು. ಚೆಂಡು ಹಾಕಿದರೆ ಎಸೆಯುತ್ತಿತ್ತು. ಡಬ್ಬಿಯ ಮೇಲಿನ ಆಲಿಕೆಗೆ ಚೆಂಡು ಬಿದ್ದ ಮರುಗಳಿಗೆಯೇ, ಎದುರಿಗೆ ಯಾರಿದ್ದಾರೆಂದು ನೋಡದೆ. ಕೆಂಚ ಚೆಂಡು ಎಲ್ಲಿ ಹೋಯಿತೆಂದು ಮೂತಿಯನ್ನು ಡಬ್ಬಿಯ ಬಾಯಿಗೇ ತಗಲಿಸಿ ಇಣುಕಿದ. ಆವತ್ತು ಸ್ವಿಚ್ ಆಫ್ ಆಗಿದ್ದದ್ದು ನಮ್ಮ ಪುಣ್ಯ.

“ಮಾವ, ಇದಕ್ಕೆ ಎಸೆಯೋದು ಬಂತು, ಕಾಯೋದು ಬರಲ್ಲ,” ಅಂದಳು ಅಕ್ಕನ ಮಗಳು.

ಮುಂದಿನ ಎರಡು ತಿಂಗಳ ಕೆಲಸವೆಲ್ಲ ಈ ಒಂದು ಮಾತಿನಲ್ಲಿತ್ತು. ಕೈಯಲ್ಲಿ ಎಸೆಯುವಾಗ ನಾವು ನಾಯಿಯನ್ನು ನೋಡುತ್ತೇವೆ. ಅದು ಪಕ್ಕಕ್ಕೆ ಸರಿದಿದೆಯೇ, ಏದುಸಿರು ಎಷ್ಟಿದೆ, ಕುಂಟುತ್ತಿದೆಯೇ, ಬೆಕ್ಕು ಅಡ್ಡ ಬಂತೇ ಎಂದು. ಲೆಕ್ಕ ಹಾಕುತ್ತಿದ್ದೇವೆಂದು ನಮಗೇ ಗೊತ್ತಿರುವುದಿಲ್ಲ. ಯಂತ್ರಕ್ಕೆ ಅದನ್ನೆಲ್ಲ ಒಂದೊಂದಾಗಿ ಹೇಳಿಕೊಡಬೇಕು.

ಮೊದಲಿಗೆ ಗಾಲಿಗಳನ್ನು ಮುಚ್ಚಿದೆವು. ಬಾಯಿಗೆ ಒಂದಡಿ ಉದ್ದದ ಪೈಪು, ಪಂಜ ಒಳಗೆ ಹೋಗಬಾರದು. ಚೆಂಡು ಒಳಹೋಗುವ ದಾರಿಗೆ ಒಂದು ತಿರುವು, ಮಗುವಿನ ಕೈ ಗಾಲಿಗೆ ಎಟುಕಬಾರದು. ಆಲಿಕೆಯ ಕೊರಳಲ್ಲಿ ಸಣ್ಣ ಸರ್ವೋ ಮೋಟರಿನಿಂದ ತೆರೆಯುವ ಒಂದು ಬಾಗಿಲು. ಚೆಂಡು ಬಿದ್ದೊಡನೆ ಗಾಲಿಗಳು ಸುತ್ತತೊಡಗಿ, ಮೂರು ಸೆಕೆಂಡಿನ ನಂತರವಷ್ಟೇ ಬಾಗಿಲು ತೆರೆಯುವುದು. ಎರಡೂ ಮೋಟರು ಒಟ್ಟಿಗೆ ಶುರುವಾದರೆ ಬ್ಯಾಟರಿ ಒಂದು ಗಳಿಗೆ ಕುಸಿದು, ಡಬ್ಬಿಯನ್ನು ನಡೆಸುವ ಪುಟ್ಟ ಕಂಪ್ಯೂಟರಾದ ಆರ್ಡುಯಿನೊ ಬೋರ್ಡು ಮರೆವು ಬಂದಂತೆ ಮೊದಲಿನಿಂದ ಶುರುಮಾಡುತ್ತಿತ್ತು. ಒಂದಾದ ಮೇಲೆ ಒಂದು ಶುರುಮಾಡಿಸಿ, ಬೋರ್ಡಿಗೆ ಬೇರೆ ಬ್ಯಾಟರಿ ಕೊಟ್ಟ ಮೇಲೆ ಸರಿಯಾಯಿತು. ಚೆಂಡು ಒಂದೇ ಸಾಕು. ಎರಡು ಹಾಕಿದರೆ ಆಲಿಕೆಯ ಕೊರಳಲ್ಲಿ ಒಂದಕ್ಕೊಂದು ಆತು ಕಮಾನು ಕಟ್ಟಿಕೊಳ್ಳುತ್ತವೆ.

ಎದುರಿಗೆ ಯಾರಿದ್ದಾರೆಂದು ಅರಿಯಲು ಅಗ್ಗದ ಅಲ್ಟ್ರಾಸಾನಿಕ್ ಸೆನ್ಸರು ಹಾಕಿದೆವು. ಬಾವಲಿಯ ಹಾಗೆ ಸದ್ದು ಕಳಿಸಿ ಮಾರ್ದನಿ ಕೇಳಿಸಿಕೊಳ್ಳುವ ಜೋಡಿಕಣ್ಣಿನ ಬಿಲ್ಲೆ ಅದು. ಇಲ್ಲಿ ನಾವು ನಮ್ಮ ಕಿವಿಯನ್ನೇ ನಂಬಿ ಮೋಸಹೋದೆವು. ಅದರ ಸದ್ದು ಸೆಕೆಂಡಿಗೆ 40,000 ಕಂಪನದ್ದು. ಮನುಷ್ಯನ ಕಿವಿ 20,000ಕ್ಕೆ ನಿಲ್ಲುತ್ತದೆ. ನಾಯಿಯದು ಸುಮಾರು 45,000ದವರೆಗೆ ಹೋಗುತ್ತದೆ. ನಮಗೆ ಮೌನವಾಗಿದ್ದ ಡಬ್ಬಿ ಕೆಂಚನ ಕಿವಿಯಲ್ಲಿ ಟಿಕ್‌ಟಿಕ್ ಎನ್ನುತ್ತಿದ್ದಿರಬೇಕು. ಕಿವಿ ಹಿಂದಕ್ಕೆ ಮಡಚಿ ದೂರವೇ ನಿಂತ. ಮೇಲಾಗಿ, ರೋಮ ತುಂಬಿದ ಮೈ ಸದ್ದನ್ನು ಹೀರಿಕೊಳ್ಳುವುದರಿಂದ ಮಾರ್ದನಿಯೂ ಸರಿಯಾಗಿ ಬರುವುದಿಲ್ಲ. ಮೋಟರಿನಲ್ಲೂ ಇದೇ ಕಥೆ. ಅದರ ವೇಗ ತಗ್ಗಿಸಲು ಕರೆಂಟನ್ನು ಪಟಪಟನೆ ಹಾಕಿ ಆರಿಸುವುದು ರೂಢಿ. ಆರ್ಡುಯಿನೊ ಇದನ್ನು ಸೆಕೆಂಡಿಗೆ 490 ಸಲ ಮಾಡಿದಾಗ ಮೋಟರು ಸೊಳ್ಳೆಯಂತೆ ಗುಂಯ್‌ಗುಡುತ್ತದೆ. ಸದ್ದಡಗಿಸಲೆಂದು ಅಕ್ಕನ ಮಗಳು ಅದನ್ನು 25,000ಕ್ಕೆ ಏರಿಸಿದ್ದಳು. ನಮಗೆ ನೆಮ್ಮದಿ, ನಾಯಿಗೆ ಕೀರಲು. ಮತ್ತೆ 490ಕ್ಕೇ ಇಳಿಸಿದೆವು.

ಅಲ್ಟ್ರಾಸಾನಿಕ್ ಬದಲು, ಕಟ್ಟಡಗಳ ಮೆಟ್ಟಿಲಲ್ಲಿ ಜನ ಬಂದಾಗ ದೀಪ ಹೊತ್ತಿಸುತ್ತದಲ್ಲ, ಆ ಬಗೆಯ ಸೆನ್ಸರು ಹಾಕಿದೆವು. ಬಿಸಿಮೈ ಅಲುಗಿದರೆ ಅದಕ್ಕೆ ಗೊತ್ತಾಗುತ್ತದೆ. ಸುತ್ತ ಕೊಳವೆಯ ಮರೆ ಕಟ್ಟಿ ಬಾಯಿಯ ನೇರಕ್ಕೆ ಮಾತ್ರ ನೋಡುವಂತೆ ಮಾಡಿ, ಅಲ್ಲಿ ಏನಾದರೂ ಅಲುಗುತ್ತಿರುವ ತನಕ ಬಾಗಿಲು ತೆರೆಯಬಾರದೆಂದು ಅವಳು ಪ್ರೋಗ್ರಾಮಿನಲ್ಲಿ ಬರೆದಳು. ಬೇಕೆಂದು ಮಾಡದ ಲಾಭವೊಂದು ದಕ್ಕಿತು: ಎದುರಲ್ಲಿ ಕುಣಿಯುತ್ತಿದ್ದರೆ ಚೆಂಡು ಬರುವುದಿಲ್ಲ ಎಂದು ಕೆಂಚನೇ ಕಂಡುಕೊಂಡು ಪಕ್ಕಕ್ಕೆ ನಿಲ್ಲತೊಡಗಿದ. ಒಂದು ಕೊರತೆಯೂ ಇದೆ. ಸುಡುಬಿಸಿಲಲ್ಲಿ ಸುತ್ತಲಿನ ಕಾವೇ ಮೈಯ ಕಾವಿನ ಹತ್ತಿರ ಬಂದಾಗ ಈ ಸೆನ್ಸರು ಮಂಕಾಗುತ್ತದೆ. ಆ ಹೊತ್ತಿನಲ್ಲಿ ಆಡಿಸುವುದೇ ತಪ್ಪು ಎಂಬುದು ಬೇರೆ ಮಾತು. ನಾಯಿಗೆ ಮೈಯೆಲ್ಲ ಬೆವರುವುದಿಲ್ಲ, ಅದು ತಣಿಯುವುದು ಹೆಚ್ಚಾಗಿ ನಾಲಗೆ ಚಾಚಿ ಏದುವುದರಿಂದ. ಚೆಂಡಿನ ಹುಚ್ಚಿರುವ ನಾಯಿ ಸುಸ್ತಾದರೂ ತಾನಾಗಿ ನಿಲ್ಲುವುದಿಲ್ಲ, ಯಂತ್ರವೂ ನಿಲ್ಲುವುದಿಲ್ಲ. ಇಬ್ಬರೂ ಸೇರಿದರೆ ಜೀವಕ್ಕೇ ಸಂಚಕಾರ. ಪಗ್‌ನಂಥ ಮೊಂಡುಮೂಗಿನವಕ್ಕಂತೂ ಇನ್ನೂ ಬೇಗ. ಅದಕ್ಕೇ ನಮ್ಮ ಡಬ್ಬಿ ಹತ್ತು ಎಸೆತಕ್ಕೆ ಇಪ್ಪತ್ತು ನಿಮಿಷ ಬಾಗಿಲು ಮುಚ್ಚುತ್ತದೆ.

ಚೆಂಡಿನ ಬಗ್ಗೆ ಎರಡು ಮಾತು. ಅಂಗಡಿಯಲ್ಲಿ ಸಿಗುವ ಇಂಥ ಸಣ್ಣ ಡಬ್ಬಿಗಳ ಜೊತೆ ಬರುವ ಲಿಂಬೆಗಾತ್ರದ ಚೆಂಡು ದೊಡ್ಡ ನಾಯಿಯ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಟೆನಿಸ್ ಚೆಂಡಿನ ಉಣ್ಣೆಯ ಹೊದಿಕೆಗೆ ಮಣ್ಣು ಸೇರಿದರೆ ಅದು ಹಲ್ಲಿಗೆ ಉಪ್ಪುಕಾಗದ; ಆಟ ಮುಗಿದ ಮೇಲೆ ಅಗಿಯಲು ಬಿಡಬಾರದು. ಹುಲ್ಲಿನ ಮೇಲೆ ಹಳದಿಗಿಂತ ನೀಲಿ ಚೆಂಡು ನಾಯಿಯ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ.

ಇನ್ನು, ಚೆಂಡನ್ನು ಆಲಿಕೆಗೆ ತಂದು ಹಾಕುವುದನ್ನು ಕಲಿಸುವ ಪಾಡು. ಮುಧೋಳದಂಥ ಬೇಟೆನಾಯಿ ಕಣ್ಣಿಗೆ ಕಂಡದ್ದನ್ನು ಬೆನ್ನಟ್ಟಲು ಹುಟ್ಟಿದ್ದು, ತಂದು ಒಪ್ಪಿಸಲಲ್ಲ. ಲ್ಯಾಬ್ರಡಾರ್‌ಗೆ ತರುವುದು ಹುಟ್ಟುಗುಣ. ಕೆಂಚ ನಡುವಿನವನು. ತರುತ್ತಿದ್ದ, ಆದರೆ ಆಲಿಕೆಗೆ ಹಾಕಿ ಮರುಗಳಿಗೆಯೇ ಬಾಯಿ ಹಾಕಿ ತೆಗೆಯುತ್ತಿದ್ದ. ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಅವರ ಶಿಷ್ಯರಾದ ಕೆಲ್ಲರ್ ಮತ್ತು ಮರಿಯನ್ ಬ್ರೆಲಂಡ್ ದಂಪತಿ ಪ್ರಾಣಿಗಳಿಗೆ ಆಟ ಕಲಿಸುವುದರಲ್ಲಿ ಎತ್ತಿದ ಕೈ. 1961ರಲ್ಲಿ ಅವರು ತಮ್ಮ ಸೋಲುಗಳ ಬಗ್ಗೆಯೇ ಒಂದು ಲೇಖನ ಬರೆದರು. ರಕೂನ್ ಎಂಬ ಪ್ರಾಣಿಗೆ ನಾಣ್ಯವನ್ನು ಡಬ್ಬಿಗೆ ಹಾಕಲು ಕಲಿಸಿದರೆ, ಅದು ಎರಡು ನಾಣ್ಯಗಳನ್ನು ಹಿಡಿದು ಒಂದಕ್ಕೊಂದು ತಿಕ್ಕುತ್ತ, ಡಬ್ಬಿಗೆ ಅದ್ದಿ ಹೊರತೆಗೆಯುತ್ತ ಕೂತುಬಿಡುತ್ತಿತ್ತಂತೆ. ಕಲಿಸಿದ ಪಾಠ ಹುಟ್ಟುಗುಣದ ಕಡೆಗೆ ಜಾರುತ್ತದೆ ಎಂದರು ಅವರು. ಅದನ್ನು ಓದಿದ ಮೇಲೆ ಕೆಂಚನ ಮೇಲಿನ ನನ್ನ ಕೋಪ ಇಳಿಯಿತು. ಯಂತ್ರವನ್ನು ಬದಿಗಿಟ್ಟು ಅಗಲವಾದ ಬೋಗುಣಿಯಿಂದ ಶುರುಮಾಡಿದೆವು. ಚೆಂಡು ಬೋಗುಣಿಗೆ ಬಿದ್ದು ‘ಠಣ್’ ಎಂದೊಡನೆ ಚಪಾತಿ ಚೂರು. ಆಮೇಲೆ ಬಕೆಟ್ಟು, ಆಮೇಲೆ ಸುಮ್ಮನಿರುವ ಡಬ್ಬಿ, ಆಮೇಲೆ ಬರೀ ಗುಂಯ್ ಸದ್ದು, ಕೊನೆಗೆ ಎಸೆತ. ಎಸೆತ ಶುರುವಾದ ಮೇಲೆ ಚಪಾತಿ ಕೇಳಲಿಲ್ಲ.

ಒಂದು ತೊಡಕು ಉಳಿದಿತ್ತು. ಗುಂಯ್ ಎಂದರೆ ಮೂರು ಸೆಕೆಂಡಿಗೆ ಚೆಂಡು ಎಂಬುದು ಗಟ್ಟಿಯಾದ ಮೇಲೆ ಕೆಂಚ ಸದ್ದು ಕೇಳಿದ ಕೂಡಲೇ ಮುಂದೆ ಓಡತೊಡಗಿದ; ಅವನು ಸೆನ್ಸರಿನ ಕಣ್ಣಳತೆ ದಾಟುವಷ್ಟರಲ್ಲಿ ಚೆಂಡು ಬಂದು ಬೆನ್ನಿಗೆ ಬಡಿಯಿತು. ಆ ಸಂಜೆ ಅಕ್ಕನ ಮಗಳು ಪ್ರೋಗ್ರಾಮಿನಲ್ಲಿ ಒಂದೇ ಸಾಲು ಬದಲಿಸಿದಳು: ಮೂರು ಸೆಕೆಂಡಿನ ಬದಲು ಎರಡರಿಂದ ಎಂಟರೊಳಗೆ ಎಷ್ಟಾದರೂ. ಮರುದಿನ ಕೆಂಚ ಸದ್ದಿಗೆ ಓಡಿದ, ಚೆಂಡು ಬರಲಿಲ್ಲ, ವಾಪಸು ಬಂದು ಡಬ್ಬಿಯನ್ನು ನೋಡಿದ. ಮತ್ತೆ ಓಡಿದ, ಮತ್ತೆ ಬಂದ. ನಾಲ್ಕನೇ ದಿನದ ಹೊತ್ತಿಗೆ ಡಬ್ಬಿಯ ಪಕ್ಕದಲ್ಲಿ ಕೂತು, ಹುಲ್ಲಿನ ಕಡೆ ನೋಡುವುದನ್ನೇ ಬಿಟ್ಟು, ಒಂದು ಕಿವಿಯನ್ನು ಬಾಗಿಲ ಸರ್ವೋ ಇರುವ ಕಡೆಗೆ ತಿರುಗಿಸಿಕೊಂಡಿದ್ದ. ಬಾಗಿಲು ತೆರೆಯುವ ಮೊದಲು ಆ ಸಣ್ಣ ಮೋಟರು ‘ಕ್ರಿಕ್’ ಎನ್ನುತ್ತದೆಂದು ನಮಗೆ ಗೊತ್ತಾದದ್ದು ಅವನಿಂದಲೇ.